ಹಳ್ಳವಿಲ್ಲದ ನಕ್ಷೆ: ಕಪ್ಪೆ ದಾಖಲಾತಿಯ ಒಂದು ಪ್ರಕರಣ

ಹಿನ್ನೆಲೆ

ಶರಾವತಿ ಮತ್ತು ಅಘನಾಶಿನಿಯ ನಡುವಿನ ಮಲೆನಾಡಿನಲ್ಲಿ ಒಂದು ಸಣ್ಣ ಹವ್ಯಾಸಿ ಗುಂಪು ಕೆಲವು ವರ್ಷಗಳಿಂದ ಕಪ್ಪೆಗಳನ್ನು ದಾಖಲಿಸುತ್ತಿದೆ. ಒಟ್ಟು ಹನ್ನೊಂದು ಜನ. ಅಡಿಕೆ ತೋಟ ಮಾಡುವವರು, ಶಾಲಾ ಶಿಕ್ಷಕರು, ಒಬ್ಬ ಕಾಲೇಜು ಉಪನ್ಯಾಸಕಿ, ಮಳೆಗಾಲದ ವಾರಾಂತ್ಯಗಳಲ್ಲಿ ಬೆಂಗಳೂರಿನಿಂದ ಊರಿಗೆ ಬರುವ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. ಎಲ್ಲರ ದಾಖಲೆಗಳನ್ನು ಒಂದೆಡೆ ಸೇರಿಸಿ ತಪ್ಪು ಹುಡುಕುವ ಕೆಲಸ ನನ್ನ ಪಾಲಿನದು. ಊರು, ಹಳ್ಳ ಮತ್ತು ಜನರ ಹೆಸರುಗಳನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಕಾರಣ ಮುಂದೆ ಬರುತ್ತದೆ.

ನಮ್ಮ ಆಸಕ್ತಿಯೆಲ್ಲ ಇದ್ದದ್ದು ಕುಂಬಾರ ಕಪ್ಪೆಯ ಮೇಲೆ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಕಂಡು 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಪ್ರಭೇದ ಅದು. ನೀರಿನ ಮೇಲೆ ಬಾಗಿದ ಕಡ್ಡಿಗೋ ಬಂಡೆಗೋ ಹೆಣ್ಣು ಮೊಟ್ಟೆ ಅಂಟಿಸಿದ ಮೇಲೆ, ಗಂಡು ಹಿಂಗಾಲುಗಳ ಮೇಲೆ ಎದ್ದು ನಿಂತು, ಮುಂಗೈಗಳಲ್ಲಿ ಹಳ್ಳದ ಕೆಸರನ್ನು ಬಾಚಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಬ್ಯಾಟರಿಯ ಬೆಳಕನ್ನು ಪಕ್ಕಕ್ಕೆ ತಿರುಗಿಸಿ, ಮಳೆಯಲ್ಲಿ ಮೊಣಕಾಲು ಮಡಚಿ ಕುಳಿತು ಒಮ್ಮೆ ಅದನ್ನು ನೋಡಿದವರಿಗೆ ಮಡಕೆ ಮಾಡುವ ಕೈಗಳ ನೆನಪಾಗದೆ ಇರದು. ಈ ಕಪ್ಪೆ ಹಳ್ಳವನ್ನು ಬಿಟ್ಟು ದೂರ ಹೋಗುವುದಿಲ್ಲ. ಆದ್ದರಿಂದ ‘ಎಲ್ಲಿ ಕಂಡಿತು’ ಎನ್ನುವುದಕ್ಕಿಂತ ‘ಯಾವ ಹಳ್ಳದಲ್ಲಿ, ನೀರಿನಿಂದ ಎಷ್ಟು ದೂರದಲ್ಲಿ’ ಎನ್ನುವುದೇ ನಮಗೆ ಬೇಕಾದ ಮಾಹಿತಿಯಾಗಿತ್ತು.

ದಾಖಲಿಸಲು ಮೊಬೈಲಿನ ಒಂದು ಫಾರಂ ಆ್ಯಪ್ ಬಳಸಿದೆವು. ಅದರ ತಳದಲ್ಲಿ ಒಂದು ವಾಣಿಜ್ಯ ಕಂಪನಿಯ ನಕ್ಷೆ ಇತ್ತು. ಅದನ್ನು ನಾವು ಆರಿಸಿದ್ದಲ್ಲ, ಆ್ಯಪ್ ಜೊತೆಗೇ ಬಂದದ್ದು. ತಳದ ನಕ್ಷೆಯನ್ನೂ ಆರಿಸಿಕೊಳ್ಳಬೇಕು ಎಂಬ ಯೋಚನೆಯೇ ಆಗ ಯಾರಿಗೂ ಬರಲಿಲ್ಲ.

ಗುಡ್ಡ ಹತ್ತಿದ ಕಪ್ಪೆಗಳು

ಮೊದಲ ಮಳೆಗಾಲ ಮುಗಿದಾಗ ಇನ್ನೂರಕ್ಕೂ ಹೆಚ್ಚು ದಾಖಲೆಗಳಿದ್ದವು. ಪ್ರತಿ ದಾಖಲೆಗೂ ಹತ್ತಿರದ ಹಳ್ಳ ಎಷ್ಟು ದೂರ ಎಂದು ಅಳೆಯಲು ಕುಳಿತಾಗ ಎರಡು ಸಂಗತಿಗಳು ಒಟ್ಟಿಗೆ ಎದುರಾದವು. ಅರ್ಧಕ್ಕರ್ಧ ಹಳ್ಳಗಳು ನಕ್ಷೆಯಲ್ಲಿ ಇರಲೇ ಇಲ್ಲ. ನಕ್ಷೆಯಲ್ಲಿದ್ದ ಹಳ್ಳಗಳ ಆಸುಪಾಸಿನಲ್ಲೂ ಕಪ್ಪೆಗಳು ಹಳ್ಳ ಬಿಟ್ಟು ಗುಡ್ಡ ಹತ್ತಿದ್ದವು. ಕೆಲವು ಡಾಂಬರು ರಸ್ತೆಯ ನಡುವೆ, ಕೆಲವು ಮನೆಯಂಗಳದಲ್ಲಿ, ಮತ್ತೆ ಕೆಲವು ನೀರಿನಿಂದ ನೂರು ಮೀಟರ್ ದೂರದ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ.

ಕಾಡಿನಡಿ ಜಿಪಿಎಸ್ ಸರಿಯಾಗಿ ಸಿಗುವುದಿಲ್ಲ, ಅದರದ್ದೇ ದೋಷ ಎಂದು ಮೊದಲು ಎಣಿಸಿದೆವು. ಬಯಲಿನಲ್ಲಿ ಮೊಬೈಲ್ ನಾಲ್ಕೈದು ಮೀಟರಿನೊಳಗೆ ಜಾಗ ತೋರಿಸಿದರೆ, ನಿತ್ಯಹರಿದ್ವರ್ಣದ ದಟ್ಟ ಮೇಲಾವರಣದ ಕೆಳಗೆ, ಅದರಲ್ಲೂ ಕಿರಿದಾದ ಕೊಡ್ಲಿನೊಳಗೆ (ಗುಡ್ಡಗಳ ನಡುವಿನ ಹಳ್ಳದ ಕಣಿವೆಯೊಳಗೆ), ಇಪ್ಪತ್ತು ಮೂವತ್ತು ಮೀಟರ್ ಹೆಚ್ಚುಕಡಿಮೆ ಆಗುವುದು ಸಾಮಾನ್ಯ. ಆದರೆ ಜಿಪಿಎಸ್ ತಪ್ಪಿದರೆ ಎಲ್ಲ ದಿಕ್ಕಿಗೂ ತಪ್ಪಬೇಕು. ನಮ್ಮ ಕಪ್ಪೆಗಳು ಮಾತ್ರ ರಸ್ತೆಯ ಕಡೆಗೆ, ಮನೆಗಳ ಕಡೆಗೆ, ಮರವಿಲ್ಲದ ಬಯಲಿನ ಕಡೆಗೇ ವಾಲಿದ್ದವು. ಇದು ಉಪನ್ಯಾಸಕಿಯವರ ಕಣ್ಣಿಗೆ ಬಿತ್ತು. ಈ ಪ್ರಕರಣದ ಮೊದಲ ತಿರುವು ಅದೇ.

ಮೂಲ ಫೋಟೊಗಳನ್ನು ತರಿಸಿಕೊಂಡೆವು. ಫೋಟೊ ತೆಗೆದ ಕ್ಷಣದ ಅಕ್ಷಾಂಶ ರೇಖಾಂಶ ಕಡತದೊಳಗೇ ಇರುತ್ತದಲ್ಲ, ಅದನ್ನು ದಾಖಲೆಯ ಬಿಂದುವಿನ ಜೊತೆ ಹೋಲಿಸಿದೆವು. ಎರಡೂ ಬೇರೆ ಬೇರೆಯಾಗಿದ್ದವು. ಫೋಟೊಗಳು ಹಳ್ಳದ ಹತ್ತಿರವೇ ಇದ್ದವು, ಬಿಂದುಗಳು ದೂರ ಸರಿದಿದ್ದವು. ಸರಿಸಿದ್ದು ನಮ್ಮವರೇ. ರಾತ್ರಿ ಕಾಡಿನಲ್ಲಿ ನೆಟ್‌ವರ್ಕ್ ಇಲ್ಲದ್ದರಿಂದ ಎಲ್ಲರೂ ಮನೆಗೆ ಬಂದ ಮೇಲೆ ಫಾರಂ ತುಂಬುತ್ತಿದ್ದರು. ಆ್ಯಪ್ ಫೋಟೊದಿಂದಲೇ ಸ್ಥಳವನ್ನು ಎತ್ತಿಕೊಂಡು ನಕ್ಷೆಯ ಮೇಲೆ ಪಿನ್ ನೆಡುತ್ತಿತ್ತು, ಆ ಪಿನ್ ಏನೂ ಇಲ್ಲದ ಹಸಿರಿನ ನಡುವೆ ನಿಂತಿರುತ್ತಿತ್ತು. ಹಳ್ಳವಿಲ್ಲ, ದಾರಿಯಿಲ್ಲ, ಹೆಸರಿಲ್ಲ. ‘ಇದು ಎಲ್ಲೋ ತಪ್ಪಿದೆ’ ಎಂದುಕೊಂಡು ತಾವು ಬೈಕ್ ನಿಲ್ಲಿಸಿದ ತಿರುವನ್ನೋ ಗುರುತಿನ ಮನೆಯನ್ನೋ ಹುಡುಕಿ, ಅದರ ಪಕ್ಕಕ್ಕೆ ಪಿನ್ ಎಳೆದು ಇಡುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಹೆಚ್ಚು ಜಾಗರೂಕರಾಗಿದ್ದವರೇ ಹೆಚ್ಚು ಎಳೆದಿದ್ದರು.

ನಕ್ಷೆ ಹಿನ್ನೆಲೆಯ ಚಿತ್ರ ಮಾತ್ರ, ದಾಖಲೆ ಬೇರೆ ಎಂದು ಅಲ್ಲಿಯವರೆಗೆ ನಾನೂ ನಂಬಿದ್ದೆ. ನೋಡುವವನ ಕೈಯನ್ನು ನಕ್ಷೆಯೇ ನಡೆಸುತ್ತದೆ ಎಂಬುದಕ್ಕೆ ಇಲ್ಲಿ ಲೆಕ್ಕದ ಸಮೇತ ಸಾಕ್ಷಿ ಇತ್ತು. ಆ ಕಂಪನಿಯ ನಕ್ಷೆ ರಸ್ತೆ, ಅಂಗಡಿ, ಮನೆಗಳನ್ನು ಹುಡುಕುವವರಿಗಾಗಿ ಮಾಡಿದ್ದು, ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಅದರ ಮೇಲೆ ನೆಟ್ಟ ಕಪ್ಪೆಗಳೂ ರಸ್ತೆ, ಅಂಗಡಿ, ಮನೆಗಳ ಕಡೆಗೇ ನಡೆದವು.

ಉಪಗ್ರಹ ಚಿತ್ರ, ಹಳೆಯ ಹಾಳೆ

ಉಪಗ್ರಹ ಚಿತ್ರದ ಪದರ ಹಾಕಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಗುಂಪಿನಲ್ಲಿ ಹಲವರು ಹೇಳಿದರು. ಅದೇ ಕಂಪನಿಯ ಚಿತ್ರಗಳು ನಿಜಕ್ಕೂ ಸ್ಪಷ್ಟವಾಗಿದ್ದವು. ತೋಟದಲ್ಲಿ ಅಡಿಕೆ ಮರದ ಸಾಲನ್ನು ಎಣಿಸಬಹುದಿತ್ತು. ಆದರೆ ನಮ್ಮ ಹಳ್ಳಗಳು ಹರಿಯುವುದು ಕಾನಿನ ಅಡಿಯಲ್ಲಿ, ಮೇಲಿನಿಂದ ಕಾಣುವುದು ಮರದ ತಲೆಗಳು ಮಾತ್ರ. ಇನ್ನೊಂದು ತೊಡಕೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮೇಲೆ ಮೋಡ ಕವಿದಿರುವುದರಿಂದ, ನಕ್ಷೆಗಳಲ್ಲಿ ಸಿಗುವ ನಿಚ್ಚಳ ಚಿತ್ರಗಳು ಬಹುತೇಕ ಚಳಿಗಾಲ, ಬೇಸಗೆಯವು. ಆಷಾಢದಲ್ಲಿ ಸೊಂಟದವರೆಗೆ ನೀರು ಹರಿಯುವ ಕೊಡ್ಲು ಆ ಚಿತ್ರದಲ್ಲಿ ಒಣಗಿದ ಗೀರು. ಮಳೆಗಾಲದ ಜೀವಿಯನ್ನು ಮಾರ್ಚ್ ತಿಂಗಳ ಚಿತ್ರದ ಮೇಲೆ ಗುರುತಿಸಲು ಹೊರಟಿದ್ದೆವು.

ಆದರೂ ಇಬ್ಬರು ಶಿಕ್ಷಕರು ಎರಡು ತಿಂಗಳು ಕುಳಿತು, ಆ ಚಿತ್ರದ ಮೇಲೆ ಕಂಡಷ್ಟು ಹಳ್ಳಗಳನ್ನೂ ನಾಲ್ಕು ರಾಮಪತ್ರೆ ಜಡ್ಡಿಗಳ (ರಾಮಪತ್ರೆ ಮರಗಳು ಬೆಳೆಯುವ ಜೌಗು ನೆಲಗಳ) ಅಂಚುಗಳನ್ನೂ ಗೆರೆಯೆಳೆದು ಮುಗಿಸಿದರು. ಅದನ್ನು ಎಲ್ಲರಿಗೂ ಮುಕ್ತವಾಗಿ ಸಿಗುವ ಜಾಲತಾಣಕ್ಕೆ ಕೊಡೋಣ ಎಂದಾಗ ಎಂಜಿನಿಯರ್ ಕಂಪನಿಯ ಷರತ್ತುಗಳನ್ನು ಓದಿಸಿದರು. ನಕ್ಷೆಯನ್ನು ನೋಡಬಹುದು, ಆದರೆ ಅದನ್ನು ನೋಡಿ ಗೆರೆ ಎಳೆದು ಹೊಸ ದತ್ತಾಂಶ ಕಟ್ಟಿ ಹಂಚುವಂತಿಲ್ಲ. ಎರಡು ತಿಂಗಳ ಕೆಲಸವನ್ನು ಪಕ್ಕಕ್ಕಿಟ್ಟೆವು. ಆ ಶಿಕ್ಷಕರಲ್ಲಿ ಒಬ್ಬರು ಮುಂದಿನ ಮಳೆಗಾಲಕ್ಕೆ ಬರಲಿಲ್ಲ. ಷರತ್ತನ್ನು ಮೊದಲ ದಿನವೇ ಓದಬೇಕಿತ್ತು, ಓದದೆ ಇದ್ದದ್ದು ಸಂಯೋಜಕನಾದ ನನ್ನ ತಪ್ಪು. ಆ ನೋವು ಇನ್ನೂ ಇದೆ.

ಎರಡನೆಯ ಪ್ರಯತ್ನ ಸರ್ವೆ ಆಫ್ ಇಂಡಿಯಾದ ಟೋಪೊಶೀಟ್, ಅಂದರೆ ಸರ್ಕಾರಿ ಭೂನಕ್ಷೆಯ ಹಾಳೆ. 1:50,000 ಪ್ರಮಾಣದ ಹಾಳೆಗಳಲ್ಲಿ ಹಳ್ಳಗಳು ಧಾರಾಳವಾಗಿವೆ. ವರ್ಷವಿಡೀ ನೀರಿರುವುದು ನೀಲಿ, ಬತ್ತುವುದು ಕಪ್ಪು. ಆ ಎರಡು ಬಣ್ಣದ ವ್ಯತ್ಯಾಸವೊಂದೇ ಕಪ್ಪೆ ನೋಡುವವರಿಗೆ ದೊಡ್ಡ ಕೊಡುಗೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗಾಗಿ ಬಂದ ಹಾಳೆಗಳಿಗೆ ‘ಓಪನ್ ಸೀರೀಸ್ ಮ್ಯಾಪ್’ ಎಂದು ಹೆಸರು. ಇದರ ಹ್ರಸ್ವರೂಪವೂ ಓಎಸ್‌ಎಂ, ಜನರೇ ಸೇರಿ ಕಟ್ಟುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನದೂ ಓಎಸ್‌ಎಂ. ಒಂದು ಸಭೆಯಲ್ಲಿ ಇಬ್ಬರು ಅರ್ಧ ಗಂಟೆ ಬೇರೆ ಬೇರೆ ಓಎಸ್‌ಎಂಗಳ ಬಗ್ಗೆ ಒಂದೇ ವಾದ ಮಾಡಿದ ಮೇಲೆ, ನಮ್ಮ ಟಿಪ್ಪಣಿಗಳಲ್ಲಿ ಪೂರ್ಣ ಹೆಸರನ್ನೇ ಬರೆಯುವ ನಿಯಮ ಮಾಡಿದೆವು.

ನಮ್ಮ ಕೈಗೆ ಸಿಕ್ಕಿದ್ದು ಅದಕ್ಕೂ ಹಿಂದಿನ ಹಾಳೆಯ ಸ್ಕ್ಯಾನ್. ಅದನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಕೂರಿಸಿದಾಗ ಹಳ್ಳಗಳೆಲ್ಲ ಒಟ್ಟಾಗಿ ನೂರು ಮೀಟರಿಗೂ ಮಿಕ್ಕಿ ಪಕ್ಕಕ್ಕೆ ಹೋದವು. ಹಳೆಯ ಹಾಳೆಗಳ ಲೆಕ್ಕ ಎವರೆಸ್ಟ್ 1830 ಎಂಬ ಭೂಮಿಯ ಆಕಾರದ ಮೇಲೆ ನಿಂತದ್ದು, ಜಿಪಿಎಸ್‌ನ ಲೆಕ್ಕ ಡಬ್ಲ್ಯುಜಿಎಸ್ 84ರದ್ದು. ನಮ್ಮ ಗುಡ್ಡಗಳಲ್ಲಿ ನೂರು ಮೀಟರ್ ಎಂದರೆ ಪಕ್ಕದ ಕೊಡ್ಲು. ಅದನ್ನು ಸರಿಪಡಿಸಿದ ಮೇಲೂ ಪ್ರಮಾಣದ ಮಿತಿ ಇದ್ದೇ ಇರುತ್ತದೆ. ಹಾಳೆಯ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಐವತ್ತು ಮೀಟರ್. ಯಾವ ಹಳ್ಳ ಯಾವ ಹೊಳೆಗೆ ಸೇರುತ್ತದೆ ಎಂದು ತಿಳಿಯಲು ಈ ಹಾಳೆಗೆ ಸಮನಾದದ್ದಿಲ್ಲ. ಕಪ್ಪೆ ನೀರಿನಿಂದ ಎಷ್ಟು ದೂರ ಎಂದು ಅಳೆಯಲು ಅದು ಸಾಲದು.

ಎತ್ತರದ ದತ್ತಾಂಶದಿಂದ ಹಳ್ಳಗಳನ್ನು ಲೆಕ್ಕ ಹಾಕಿ ತೆಗೆಯುವ ಪ್ರಯತ್ನವೂ ನಡೆಯಿತು. 2000ದ ಬಾಹ್ಯಾಕಾಶ ನೌಕೆಯ ರೇಡಾರ್ ದತ್ತಾಂಶ ದಟ್ಟ ಕಾಡಿನಲ್ಲಿ ನೆಲದ ಬದಲು ಮರದ ತಲೆಯ ಎತ್ತರಕ್ಕೆ ಹತ್ತಿರವಾದದ್ದನ್ನೇ ಕೊಡುತ್ತದೆ. ಕಡಿದಾದ ಕಣಿವೆಗಳಲ್ಲಿ ಗೆರೆ ಸರಿಬಂತು, ಸಮತಟ್ಟಾದ ಜಡ್ಡಿಗಳಲ್ಲಿ ದಾರಿ ತಪ್ಪಿತು. ನಮಗೆ ಬೇಕಾದದ್ದು ಜಡ್ಡಿಗಳೇ.

ಖಾಲಿ ನಕ್ಷೆಯೆದುರು

2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಬಗ್ಗೆ ಎಂಜಿನಿಯರ್ ಮೊದಲಿನಿಂದಲೂ ಹೇಳುತ್ತಲೇ ಇದ್ದರು. ಅದರಲ್ಲಿ ನಮ್ಮ ಸೀಮೆಯನ್ನು ತೆರೆದಾಗ ಕಂಡದ್ದು ಒಂದು ಹೆದ್ದಾರಿ, ಒಂದು ಹೊಳೆ, ಮೂರು ಊರಿನ ಹೆಸರು. ‘ವಾಣಿಜ್ಯ ನಕ್ಷೆಯಲ್ಲಿ ಅರ್ಧ ಹಳ್ಳವಾದರೂ ಇತ್ತು, ಇದರಲ್ಲಿ ಏನೂ ಇಲ್ಲವಲ್ಲ’ ಎಂದು ಒಬ್ಬರು ಹೇಳಿದರು. ಅದು ನಿಜವೇ. ಆದರೆ ವಾಣಿಜ್ಯ ನಕ್ಷೆಗೆ ನಾವು ಮೂರು ತಿದ್ದುಪಡಿ ಕಳಿಸಿದ್ದೆವು. ಒಂದನ್ನು ಒಪ್ಪಿದರು, ಇನ್ನೆರಡಕ್ಕೆ ಉತ್ತರ ಬರಲಿಲ್ಲ. ಇಲ್ಲಿ ಖಾಲಿ ಜಾಗ ಖಾಲಿಯಿರುವುದು ನಾವು ಇನ್ನೂ ತುಂಬಿಲ್ಲದ್ದರಿಂದ. ಮೂರು ಸಭೆಗಳ ನಂತರ ಒಪ್ಪಿಗೆಯಾಯಿತು. ಆ ಹೊತ್ತಿಗೆ 2021ರ ಫೆಬ್ರುವರಿಯ ಕೇಂದ್ರದ ಮಾರ್ಗಸೂಚಿ ಬಂದು, ಭಾರತೀಯರು ನಕ್ಷೆ ತಯಾರಿಸಲು ಮುಂಚಿತ ಅನುಮತಿ ಬೇಕಿಲ್ಲ ಎಂದಾದದ್ದೂ ಧೈರ್ಯ ಕೊಟ್ಟಿತು.

ಜನವರಿಯಿಂದ ಮಾರ್ಚ್‌ವರೆಗೆ ಹಳ್ಳಗಳನ್ನು ನಡೆದೇ ಅಳೆದೆವು. ನೀರು ಇಳಿದಿರುತ್ತದೆ, ಉಂಬಳದ (ಜಿಗಣೆಯ) ಕಾಟ ಕಡಿಮೆ, ಹಳ್ಳದ ನಡುವೆಯೇ ಬಂಡೆಯಿಂದ ಬಂಡೆಗೆ ದಾಟುತ್ತ ಜಿಪಿಎಸ್ ಜಾಡು ಹಿಡಿಯಬಹುದು. ನಮ್ಮ ಜೊತೆ ಎಪ್ಪತ್ತು ದಾಟಿದ ಒಬ್ಬ ಹಿರಿಯರು ಬರುತ್ತಿದ್ದರು. ಎಂಜಿನಿಯರ್ ಮೊಬೈಲ್ ತೋರಿಸಿ ಈ ಹಳ್ಳದ ಹೆಸರೇನಜ್ಜ ಎಂದು ಕೇಳಿದರು. “ಯಾವ ಹಳ್ಳ ತಮ್ಮಾ? ಸಂಕದಿಂದ ಮೇಲಿನದ್ದೋ, ಕೆಳಗಿನದ್ದೋ?” ಎಂದರು ಅವರು. ಕಾಲುಸಂಕದಿಂದ (ಹಳ್ಳ ದಾಟುವ ಸಣ್ಣ ಸೇತುವೆಯಿಂದ) ಮೇಲೆ ಅದಕ್ಕೊಂದು ಹೆಸರು, ಕೆಳಗೆ ಇನ್ನೊಂದು. ಮೇಲಿನ ಹೆಸರಿನಲ್ಲಿ ‘ಜಡ್ಡಿ’ ಇತ್ತು, ಕೆಳಗಿನದರಲ್ಲಿ ‘ಅಬ್ಬಿ’. ಎರಡು ಹೆಸರೂ ನೀರಿನ ಗುಣವನ್ನೇ ಹೇಳುತ್ತಿದ್ದವು, ಮೇಲೆ ನಿಂತ ನೀರು, ಕೆಳಗೆ ಧುಮುಕುವ ನೀರು. ಕುಂಬಾರ ಕಪ್ಪೆ ಯಾವ ಭಾಗದಲ್ಲಿ ಸಿಗುತ್ತದೆ ಎಂದು ಊಹಿಸಲು ಆ ಎರಡು ಪದಗಳು ಯಾವ ಉಪಗ್ರಹ ಚಿತ್ರಕ್ಕಿಂತಲೂ ಹೆಚ್ಚು ನೆರವಾದವು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದು ಗೆರೆಯನ್ನು ಸಂಕದ ಬಳಿ ತುಂಡರಿಸಿ, ಎರಡಕ್ಕೂ ಕನ್ನಡದಲ್ಲೇ ಹೆಸರು ಕೊಟ್ಟು, ಬೇಸಗೆಯಲ್ಲಿ ಬತ್ತುವ ಭಾಗವನ್ನು ಹಾಗೆಂದೇ ಗುರುತಿಸಲು ಅವಕಾಶವಿದೆ. ಹಾಗೆಯೇ ಮಾಡಿದೆವು.

ಮುಕ್ತ ನಕ್ಷೆಯ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳು ನಮಗಿದ್ದವು. ಮುಕ್ತ ಎಂದರೆ ಅವರ ಸರ್ವರಿನಿಂದ ನಕ್ಷೆಯ ಚೌಕಗಳನ್ನು ಬೇಕಾದಷ್ಟು ಇಳಿಸಿಕೊಳ್ಳಬಹುದು ಎಂದುಕೊಂಡಿದ್ದೆವು. ಅದಕ್ಕೆ ಅನುಮತಿಯಿಲ್ಲ, ಆ ಸರ್ವರುಗಳು ದೇಣಿಗೆಯಿಂದ ನಡೆಯುತ್ತವೆ. ಮುಕ್ತವಾಗಿರುವುದು ದತ್ತಾಂಶ. ಅದನ್ನು ಇಳಿಸಿಕೊಂಡು, ನಮ್ಮ ತಾಲ್ಲೂಕಿನ ತುಣುಕನ್ನು ನಾವೇ ನಕ್ಷೆಯಾಗಿಸಿ, ಕ್ಯೂಫೀಲ್ಡ್ ಎಂಬ ಉಚಿತ ಆ್ಯಪ್‌ಗೆ ಹಾಕಿ ಎಲ್ಲರ ಮೊಬೈಲಿಗೂ ಕೊಟ್ಟೆವು. ನೆಟ್‌ವರ್ಕ್ ಇಲ್ಲದ ಕೊಡ್ಲಿನಲ್ಲೂ ನಕ್ಷೆ ತೆರೆಯತೊಡಗಿತು. ಈ ಒಂದರಿಂದಲೇ ಅರ್ಧ ಸಮಸ್ಯೆ ಕಳೆಯಿತು, ಏಕೆಂದರೆ ದಾಖಲೆಯನ್ನು ಮನೆಗೆ ಬಂದು ನೆನಪಿನಿಂದ ತುಂಬುವ ಬದಲು ಕಪ್ಪೆಯೆದುರೇ ತುಂಬಬಹುದಾಯಿತು. ಇನ್ನೊಂದು ತಪ್ಪು ತಿಳಿವಳಿಕೆ ಪರವಾನಗಿಯದ್ದು. ನಕ್ಷೆಯನ್ನು ಬಳಸಿದರೆ ನಮ್ಮ ಕಪ್ಪೆಯ ದಾಖಲೆಗಳನ್ನೆಲ್ಲ ಬಿಟ್ಟುಕೊಡಬೇಕು ಎಂಬ ಹೆದರಿಕೆ ಇತ್ತು. ಹಾಗೇನಿಲ್ಲ. ನಕ್ಷೆಯ ಋಣವನ್ನು ಹೇಳಬೇಕು, ನಕ್ಷೆಯ ದತ್ತಾಂಶವನ್ನೇ ತಿದ್ದಿ ಬೆಳೆಸಿ ಹಂಚಿದರೆ ಅದನ್ನು ಅದೇ ಪರವಾನಗಿಯಲ್ಲಿ ಕೊಡಬೇಕು. ಅದರ ಮೇಲೆ ಪ್ರತ್ಯೇಕವಾಗಿ ಇಟ್ಟ ವೀಕ್ಷಣೆ ನಮ್ಮದಾಗಿಯೇ ಉಳಿಯುತ್ತದೆ.

ಎರಡನೆಯ ಮಳೆಗಾಲಕ್ಕೆ ನಿಯಮಗಳನ್ನೂ ಬದಲಿಸಿದೆವು. ಪಿನ್ ಎಳೆಯುವ ಅವಕಾಶವನ್ನು ತೆಗೆದೆವು. ಜಿಪಿಎಸ್ ತೋರಿಸಿದ ಅನಿಶ್ಚಿತತೆಯನ್ನು ಮೀಟರಿನಲ್ಲಿ ಬರೆಯುವುದು ಕಡ್ಡಾಯವಾಯಿತು. ಜಾಗ ತಪ್ಪೆನಿಸಿದರೆ ಬಿಂದುವನ್ನು ಮುಟ್ಟದೆ ಮಾತಿನಲ್ಲಿ ಬರೆಯಬೇಕು: ‘ಹಳ್ಳದ ಎಡದಂಡೆ, ಸಂಕದಿಂದ ಮೇಲಕ್ಕೆ ಮೂವತ್ತು ಹೆಜ್ಜೆ, ನೀರಿನಿಂದ ಒಂದು ಮೊಳ.’ ಈ ಒಂದು ಸಾಲು ಎಷ್ಟೋ ಸಲ ಅಕ್ಷಾಂಶಕ್ಕಿಂತ ನಿಖರವಾಗಿತ್ತು.

ಆಗಲೇ ಒಂದು ಜಾಣ ಸಲಹೆ ಬಂತು. ಈಗ ಹಳ್ಳದ ಗೆರೆ ಇದೆಯಲ್ಲ, ಪ್ರತಿ ಬಿಂದುವನ್ನೂ ಹತ್ತಿರದ ಹಳ್ಳಕ್ಕೆ ತಾನಾಗಿ ಅಂಟುವಂತೆ ಮಾಡಿದರೆ ನಕ್ಷೆ ಅಂದವಾಗುತ್ತದೆ ಎಂದು. ಬಹುಮತ ಅದರ ಪರವಾಗಿತ್ತು. ಉಪನ್ಯಾಸಕಿಯವರು ಬಿಲ್‌ಕುಲ್ ಒಪ್ಪಲಿಲ್ಲ. ಮೊದಲ ವರ್ಷ ಕೈಯಿಂದ ರಸ್ತೆಗೆ ಎಳೆದೆವು, ಈಗ ಯಂತ್ರದಿಂದ ಹಳ್ಳಕ್ಕೆ ಎಳೆಯುತ್ತೇವೆ. ಕಪ್ಪೆ ನೀರಿನಿಂದ ಎಷ್ಟು ದೂರ ಎಂದು ಮುಂದೆ ಯಾರಾದರೂ ಕೇಳಿದರೆ ನಮ್ಮದೇ ನಂಬಿಕೆಯನ್ನು ಅಳತೆ ಎಂದು ಕೊಟ್ಟಂತಾಗುತ್ತದೆ ಎಂದರು. ಸಲಹೆಯನ್ನು ಕೈಬಿಟ್ಟೆವು. ಇಡೀ ಪ್ರಕರಣದಲ್ಲಿ ನಾವು ತೆಗೆದುಕೊಂಡ ಅತ್ಯಂತ ಒಳ್ಳೆಯ ನಿರ್ಧಾರ ಇದೇ ಎಂದು ನನಗನ್ನಿಸುತ್ತದೆ. ಎರಡನೆಯ ವರ್ಷದ ಬಿಂದುಗಳು ಹಳ್ಳದ ಎರಡೂ ಬದಿಗೆ ಚೆದುರಿ ಬಿದ್ದಿವೆ, ಅಂದವಾಗಿಲ್ಲ. ಆದರೆ ರಸ್ತೆಯ ಕಡೆಗಿನ ವಾಲುವಿಕೆ ಇಲ್ಲವಾಗಿದೆ.

ತೆರೆದ ಬಾಗಿಲು

ಇನ್ನು ಹೆಸರುಗಳನ್ನು ಬಿಟ್ಟ ಕಾರಣ. ಉತ್ಸಾಹಿಯಾದ ಸದಸ್ಯರೊಬ್ಬರು ಹಳ್ಳಗಳ ಜೊತೆಗೆ, ಒಂದು ಜಡ್ಡಿಗೆ ಹೋಗುವ ಕಾಲುಹಾದಿಯನ್ನೂ ಜಡ್ಡಿಯ ಹೆಸರನ್ನೂ ಮುಕ್ತ ನಕ್ಷೆಗೆ ಸೇರಿಸಿದರು. ಮುಂದಿನ ಜುಲೈನಲ್ಲಿ ಒಂದು ಭಾನುವಾರ ತೋಟದ ಮನೆಯೆದುರು ಎರಡು ಕಾರು ನಿಂತವು. ಕ್ಯಾಮೆರಾ ಹಿಡಿದ ಅಪರಿಚಿತರು ಮೊಬೈಲ್ ತೋರಿಸಿ ಈ ದಾರಿ ಎಲ್ಲಿ ಎಂದು ಕೇಳಿದರು. ಅವರು ಮರಳಿದ ಮೇಲೆ ನೋಡಿದರೆ, ರಾಮಪತ್ರೆಯ ಮಂಡಿಬೇರುಗಳ ನಡುವಿನ ಮೆದು ಕೆಸರಿನಲ್ಲಿ ಬೂಟಿನ ಗುಂಡಿಗಳು, ಮುರಿದ ಕಡ್ಡಿಯೊಂದರ ಮೇಲೆ ಮಣ್ಣು ಮೆತ್ತಿದ ಮೊಟ್ಟೆಗಳು.

ಜೀವಿಗಳ ವೀಕ್ಷಣೆಗಳನ್ನು ಹಂಚಿಕೊಳ್ಳುವ ಜಾಲತಾಣಗಳಲ್ಲಿ ಅಪಾಯದಲ್ಲಿರುವ ಜೀವಿಗಳ ಸ್ಥಳವನ್ನು ಮಸುಕುಗೊಳಿಸುವ ವ್ಯವಸ್ಥೆ ಇದೆ. ಐನ್ಯಾಚುರಲಿಸ್ಟ್‌ನಲ್ಲಿ ನಿಜವಾದ ಬಿಂದುವಿನ ಬದಲು 0.2 ಡಿಗ್ರಿ ಅಳತೆಯ ಚೌಕದೊಳಗೆ, ಅಂದರೆ ಸುಮಾರು 22 ಕಿಲೋಮೀಟರ್ ವ್ಯಾಪ್ತಿಯಲ್ಲಿ, ಎಲ್ಲೋ ಒಂದು ಬಿಂದು ಕಾಣುತ್ತದೆ. ನಾವು ಕಪ್ಪೆಯ ಬಿಂದುವನ್ನು ಹಾಗೆ ಮರೆಮಾಡಿ, ಕಪ್ಪೆಯ ಮನೆಯ ದಾರಿಯನ್ನು ತಳದ ನಕ್ಷೆಯಲ್ಲಿ ಬರೆದಿಟ್ಟಿದ್ದೆವು.

ಹಾದಿಯನ್ನು ಅಳಿಸಿಬಿಡೋಣ ಎಂಬುದು ಎಲ್ಲರ ಮೊದಲ ಮಾತು. ಆದರೆ ಮುಕ್ತ ನಕ್ಷೆಯಲ್ಲಿ ಹಳೆಯ ಆವೃತ್ತಿಗಳು ಉಳಿದೇ ಇರುತ್ತವೆ, ನೆಲದ ಮೇಲೆ ಇರುವ ಹಾದಿಯನ್ನು ಇಲ್ಲವೆನ್ನುವುದು ಆ ಸಮುದಾಯದ ರೀತಿಗೂ ಒಪ್ಪುವುದಿಲ್ಲ. ಹಾದಿ ಹೋಗುವುದು ಖಾಸಗಿ ತೋಟದ ಮೂಲಕ. ತೋಟದವರನ್ನು ಕೇಳಿ, ಹಾದಿಯನ್ನು ‘ಖಾಸಗಿ ಪ್ರವೇಶ’ ಎಂದು ಗುರುತಿಸಿದೆವು. ಅದು ಸತ್ಯವೂ ಹೌದು. ಜಡ್ಡಿಯ ಹೆಸರನ್ನು ತೆಗೆದೆವು. ಅಂದಿನಿಂದ ನಮ್ಮ ಗುಂಪಿನಲ್ಲಿ ಎರಡು ಪದರಗಳಿವೆ. ಹಳ್ಳ, ಸಂಕ, ಕೆರೆ, ಊರು ಮುಕ್ತ ನಕ್ಷೆಗೆ ಹೋಗುತ್ತವೆ. ಜಡ್ಡಿಗಳ ಅಂಚು ಮತ್ತು ಅವುಗಳ ಕಡೆಗಿನ ಹಾದಿಗಳು ನಮ್ಮ ಮೊಬೈಲುಗಳಲ್ಲಿ ಮಾತ್ರ ಇವೆ, ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಒಂದು ಕಾಗದದ ಪ್ರತಿ ಕೊಟ್ಟಿದ್ದೇವೆ. ವಾಣಿಜ್ಯ ನಕ್ಷೆಯನ್ನು ಈಗಲೂ ಬಳಸುತ್ತೇವೆ, ತಾಲ್ಲೂಕು ಕೇಂದ್ರದಿಂದ ರಾತ್ರಿ ಯಾವ ರಸ್ತೆ ತೆರೆದಿದೆ ಎಂದು ನೋಡಲು. ಅದರ ಮೇಲೆ ದಾಖಲೆ ಮಾತ್ರ ಇಡುವುದಿಲ್ಲ.

ಮೊದಲ ವರ್ಷದ ದಾಖಲೆಗಳಲ್ಲಿ ಮೂಲ ಫೋಟೊ ಸಿಕ್ಕವನ್ನೆಲ್ಲ ಹಿಂದಿನ ಜಾಗಕ್ಕೆ ಮರಳಿಸಿದ್ದೇವೆ. ಸುಮಾರು ಮೂರನೇ ಒಂದು ಭಾಗಕ್ಕೆ ಫೋಟೊ ಸಿಗಲಿಲ್ಲ. ಸಂದೇಶದ ಆ್ಯಪ್‌ನಲ್ಲಿ ಹಂಚಿದ ಚಿತ್ರಗಳಲ್ಲಿ ಸ್ಥಳದ ಮಾಹಿತಿ ಉಳಿದಿರಲಿಲ್ಲ, ಮೂಲಗಳು ಮೊಬೈಲ್ ಬದಲಿಸಿದಾಗ ಹೋಗಿದ್ದವು. ಅವನ್ನು ಅಳಿಸಿಲ್ಲ. ಪ್ರತಿಯೊಂದರ ಮುಂದೆ ‘ಅನಿಶ್ಚಿತತೆ 500 ಮೀಟರ್, ಬಿಂದುವನ್ನು ಕೈಯಿಂದ ಸರಿಸಿರುವ ಸಾಧ್ಯತೆ ಇದೆ’ ಎಂದು ಬರೆದು ಇಟ್ಟಿದ್ದೇವೆ. ಅವುಗಳಲ್ಲಿ ಒಂದು, ಅಜ್ಜ ತಾವೇ ತೋರಿಸಿಕೊಟ್ಟ ಕಪ್ಪೆ. ಅದು ಸಂಕದಿಂದ ಮೇಲೆ ಕಂಡದ್ದೋ ಕೆಳಗೋ ಎಂದು ಕಳೆದ ಜೂನ್‌ನಲ್ಲಿ ಅವರನ್ನು ಕೇಳಿದೆ. ಮೇಲೆಯೇ ಎಂದರು, ಹಲಸಿನ ಮರ ಬಿದ್ದಲ್ಲಿ. ಆ ಮಾತನ್ನೂ ದಾಖಲೆಗೆ ಸೇರಿಸಿದ್ದೇನೆ.